ಐನ್‌ಮನೆಯೊಂದು ಡೂಮ್ ಲೆವೆಲ್ ಆದದ್ದು: ಒಂದು ಮಳೆಗಾಲದ ಕೆಲಸದ ದಾಖಲೆ

ಕತ್ತಲಲ್ಲಿಯೂ ದಾರಿ ತಪ್ಪದೆ ನಾನು ನಡೆಯಬಲ್ಲ ಕಟ್ಟಡಗಳು ಎರಡಿವೆ. ಒಂದು, ಕೊಡಗಿನ ನಾಪೋಕ್ಲು ಕಡೆ ಇರುವ ನನ್ನ ಗೆಳೆಯನ ಒಕ್ಕದ, ಅಂದರೆ ಕೊಡವ ಮನೆತನದ, ಐನ್‌ಮನೆ ಎಂಬ ಹಿರಿಯರ ಮೂಲಮನೆ. ಇನ್ನೊಂದು, 1993ರ ಡಿಸೆಂಬರ್ 10ರಂದು ಬಿಡುಗಡೆಯಾದ, ರಾಕ್ಷಸರನ್ನು ಗುಂಡಿಟ್ಟು ಕೊಲ್ಲುತ್ತ ಸಾಗುವ ಡೂಮ್ ಎಂಬ ಕಂಪ್ಯೂಟರ್ ಆಟದ ಮೊದಲ ಲೆವೆಲ್. ಆಟ ಆಡದೆ ವರ್ಷಗಳೇ ಕಳೆದಿದ್ದರೂ ಕಣ್ಣು ಮುಚ್ಚಿದರೆ ಎಡಗಡೆಯ ಮೆಟ್ಟಿಲು, ಅದರ ತುದಿಯಲ್ಲಿರುವ ಹಸಿರು ಕವಚ, ಕಿಟಕಿಯಾಚೆ ತೆರೆದ ಅಂಗಳದಲ್ಲಿ ಹೊಳೆಯುವ ನೀಲಿ ಕವಚ, ವಿಷದ ಹೊಂಡದ ಮೇಲೆ ಅಂಕುಡೊಂಕಾಗಿ ಸಾಗುವ ಕಾಲುದಾರಿ, ಎಲ್ಲವೂ ಇದ್ದಲ್ಲಿಯೇ ಇವೆ. ಆಮೇಲೆ ಬಂದ ಎಷ್ಟೋ ಆಟಗಳ ಚಿತ್ರಗಳು ಇದಕ್ಕಿಂತ ನೂರು ಪಾಲು ಚೆಂದವಾಗಿದ್ದವು. ಆದರೆ ಅವುಗಳ ಒಂದು ಕೋಣೆಯೂ ನನ್ನ ನೆನಪಿನಲ್ಲಿ ಹೀಗೆ ನೆಲೆ ನಿಂತಿಲ್ಲ. ಒಂದು ಜಾಗ ಮನುಷ್ಯನ ಮನಸ್ಸಿನಲ್ಲಿ ಹೇಗೆ ಊರಿಕೊಳ್ಳುತ್ತದೆ ಎಂಬುದನ್ನು ಕೈಯಾರೆ ಕಟ್ಟಿಯೇ ತಿಳಿಯಬೇಕೆಂದು, ಈ ಮಳೆಗಾಲದಲ್ಲಿ ಆ ಐನ್‌ಮನೆಯನ್ನು ಡೂಮ್‌ನ ಒಂದು ಲೆವೆಲ್ ಆಗಿ ಕಟ್ಟಲು ಕುಳಿತೆ. ಜೂನ್‌ನಿಂದ ಆಗಸ್ಟ್‌ವರೆಗೆ ನಡೆದ ಆ ಕೆಲಸದಲ್ಲಿ ಕೆಟ್ಟದ್ದೇನು, ಅದನ್ನು ಸರಿಪಡಿಸಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಡೂಮ್ ರಚಿಸಿದ ಐಡಿ ಸಾಫ್ಟ್‌ವೇರ್ ಸಂಸ್ಥೆ 1997ರ ಡಿಸೆಂಬರ್‌ನಲ್ಲಿ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದ್ದರಿಂದ ಇಂದಿಗೂ ಇಂತಹ ಕೆಲಸಕ್ಕೆ ಬೇಕಾದ ಸಲಕರಣೆಗಳು ಉಚಿತವಾಗಿ ಸಿಗುತ್ತವೆ. ನಕ್ಷೆ ಬಿಡಿಸಲು ಅಲ್ಟಿಮೇಟ್ ಡೂಮ್ ಬಿಲ್ಡರ್ ಎಂಬ ಎಡಿಟರ್ ಬಳಸಿದೆ. ಆಡಿ ಪರೀಕ್ಷಿಸಲು ಚಾಕೊಲೇಟ್ ಡೂಮ್ ಎಂಬ ಆವೃತ್ತಿಯನ್ನು ಆರಿಸಿಕೊಂಡೆ, ಏಕೆಂದರೆ ಅದು ಮೂಲ ಆಟದ ಮಿತಿಗಳನ್ನೆಲ್ಲ ಹಾಗೆಯೇ ಉಳಿಸಿಕೊಂಡಿದೆ. ಹಳೆಯ ಲೆವೆಲ್‌ಗಳ ಗುಣ ಯಾವುದೆಂದು ತಿಳಿಯಬೇಕಾದರೆ ಅವು ಹುಟ್ಟಿದ ಇಕ್ಕಟ್ಟಿನೊಳಗೇ ಕೆಲಸ ಮಾಡಬೇಕೆಂಬುದು ನನ್ನ ನಿಲುವಾಗಿತ್ತು.

ಜೂನ್ ಮೊದಲ ವಾರ: ಅಳತೆ

ಡೂಮ್‌ನ ನಕ್ಷೆ ಮನೆ ಕಟ್ಟುವವರು ಬಿಡಿಸುವ ನೆಲದ ನಕ್ಷೆಯಂತೆಯೇ ಇರುತ್ತದೆ. ಮೇಲಿನಿಂದ ನೋಡಿದಂತೆ ಗೆರೆಗಳನ್ನು ಎಳೆಯಬೇಕು; ಗೆರೆಗಳು ಸುತ್ತುವರಿದ ಪ್ರತಿಯೊಂದು ತುಂಡನ್ನು ಸೆಕ್ಟರ್ ಎನ್ನುತ್ತಾರೆ; ಪ್ರತಿ ಸೆಕ್ಟರಿಗೆ ನೆಲದ ಎತ್ತರ, ಮಾಡಿನ ಎತ್ತರ ಮತ್ತು ಬೆಳಕಿನ ಪ್ರಮಾಣ ಎಂಬ ಮೂರು ಅಂಕಿಗಳನ್ನು ಕೊಡಬೇಕು. ಒಂದು ಸೆಕ್ಟರಿಗೆ ಒಂದೇ ನೆಲ, ಒಂದೇ ಮಾಡು ಇರುವುದರಿಂದ ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಬರಲು ಸಾಧ್ಯವಿಲ್ಲ. ಅದು ಸಾಧ್ಯವಾದದ್ದು ಐಡಿಯವರದೇ 1996ರ ಕ್ವೇಕ್ ಆಟದಲ್ಲಿ. ಹಾಗಾಗಿ ಐನ್‌ಮನೆಯ ಅಟ್ಟವನ್ನು ಮೊದಲ ದಿನವೇ ಕೈಬಿಡಬೇಕಾಯಿತು.

ಟೇಪು, ಗೀಟು ಪುಸ್ತಕ ಹಿಡಿದು ಎರಡು ದಿನ ಮನೆಯನ್ನು ಅಳೆದೆ. ಗೆಳೆಯನ ಅಜ್ಜ ಕಯ್ಯಾಲೆಯ, ಅಂದರೆ ಮುಂದಿನ ಜಗಲಿಯ, ಐಮರ ಎಂಬ ಮರದ ಆಸನದ ಮೇಲೆ ಕುಳಿತು ನೋಡುತ್ತಿದ್ದರು. ಗದ್ದೆಯ ಬದಿಯಿಂದ ಹೊರಟು ಎರಡೂ ಕಡೆ ಮಣ್ಣಿನ ಬರೆ (ಎತ್ತರದ ದಡ) ಇರುವ ಓಣಿ, ಅದರ ತುದಿಗೆ ಮುಂದಿನ ಅಂಗಳ, ಅಲ್ಲಿಂದ ಮೆಟ್ಟಿಲು ಹತ್ತಿದರೆ ಕಯ್ಯಾಲೆ, ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ದೀಪವಿರುವ ನಡುಮನೆ, ಅದರಾಚೆ ಆಕಾಶಕ್ಕೆ ತೆರೆದ ಒಳಗಣ ಅಂಗಳ, ಅಂಗಳದ ಸುತ್ತ ಕೋಣೆಗಳು, ನೈಋತ್ಯದಲ್ಲಿ ಹಿರಿಯರಿಗೆ ಮೀಸಲಾದ ಕೋಣೆ ಕನ್ನಿಕೊಂಬರೆ, ಹಿಂದೆ ಅಡಿಗೆಮನೆ. ಮನೆಯ ಹಿಂಬದಿಯ ಕಾಫಿ ತೋಟದೊಳಗೆ ಹಳೆಯ ಕಾಲದ ಕದಂಗವೊಂದರ ಉಳಿಕೆ ಇದೆ. ಯುದ್ಧಕಾಲದ ರಕ್ಷಣೆಗಾಗಿ ಹಿರಿಯರು ತೋಡಿದ ಆ ಆಳವಾದ ಕಂದಕದೊಳಗೆ ಇಳಿದರೆ ಮನೆಯೂ ಕಾಣುವುದಿಲ್ಲ, ತೋಟವೂ ಕಾಣುವುದಿಲ್ಲ. ಮುಂದಿನ ಹತ್ತು ಹೆಜ್ಜೆ ಮತ್ತು ಮೇಲಿನ ಆಕಾಶ ಮಾತ್ರ ಕಾಣುತ್ತವೆ. ಅಲ್ಲಿ ನಿಂತಾಗಲೇ ಇದು ಲೆವೆಲ್ ಆಗಲೇಬೇಕೆಂದು ಖಚಿತವಾಯಿತು.

ಆಟದೊಳಗಿನ ಅಳತೆಯ ಮಾನವನ್ನು ಯೂನಿಟ್ ಎನ್ನುತ್ತಾರೆ; ಡೂಮ್‌ನ ಆಟಗಾರನ ಎತ್ತರ 56 ಯೂನಿಟ್. ಅದನ್ನು ಐದೂವರೆ ಅಡಿಯ ಮನುಷ್ಯನೆಂದು ಹಿಡಿದು, ಅಡಿಗೆ 10 ಯೂನಿಟ್‌ನಂತೆ ಇಡೀ ಮನೆಯನ್ನು ಯಥಾವತ್ತಾಗಿ ಬಿಡಿಸಿದೆ. ಒಂದು ವಾರದ ಕೆಲಸ ಮುಗಿಸಿ ಆಟ ತೆರೆದಾಗ ಮನೆಯೊಳಗೆ ಕಾಲಿಡಲು ಆಗಲಿಲ್ಲ. ಮುಂಬಾಗಿಲಿನ ಅಗಲ ನಿಜದಲ್ಲಿ ಮೂರು ಅಡಿ, ಅಂದರೆ ನಕ್ಷೆಯಲ್ಲಿ 30 ಯೂನಿಟ್. ಆದರೆ ಡೂಮ್ ಆಟಗಾರನ ಶರೀರವನ್ನು 32 ಯೂನಿಟ್ ಅಗಲದ ಚೌಕವೆಂದು ಲೆಕ್ಕ ಹಾಕುತ್ತದೆ. ಬಾಗಿಲನ್ನಷ್ಟೇ ಅಗಲಿಸಿ ಒಳಹೊಕ್ಕರೆ ಇನ್ನೂ ದೊಡ್ಡ ದೋಷ ಕಾದಿತ್ತು. ಓಡುವ ಆಟಗಾರ ಸೆಕೆಂಡಿಗೆ ಸುಮಾರು 580 ಯೂನಿಟ್ ಸಾಗುತ್ತಾನೆ. ನನ್ನ ನಡುಬಾಡೆಯ ಉದ್ದ 224 ಯೂನಿಟ್. ಅರ್ಧ ಸೆಕೆಂಡಿನೊಳಗೆ ನಡುಬಾಡೆ ಮುಗಿದು ಆಟಗಾರ ಎದುರು ಗೋಡೆಗೆ ಮುಖ ತಾಗಿಸಿ ನಿಂತಿರುತ್ತಿದ್ದ.

ಡೂಮ್ ಕಟ್ಟಿದವರೂ ಇದೇ ದಾರಿಯಲ್ಲಿ ಹಾದುಹೋಗಿದ್ದಾರೆ. ಆರಂಭದಲ್ಲಿ ಐಡಿಯ ವಿನ್ಯಾಸಕ ಟಾಮ್ ಹಾಲ್ ಅವರು ನಿಜವಾದ ಸೇನಾನೆಲೆಗಳನ್ನು ಹೋಲುವ ನಕ್ಷೆಗಳನ್ನು ರಚಿಸಿದ್ದರು. ಆಡಿ ನೋಡಿದಾಗ ಅವು ಸಪ್ಪೆಯೆನಿಸಿ, ಅದೇ ತಂಡದ ಜಾನ್ ರೊಮೆರೊ ಅವರು ನಿಜವಾದ ಯಾವ ಕಟ್ಟಡವನ್ನೂ ಹೋಲದ, ಎತ್ತರ ತಗ್ಗುಗಳೂ ಬೆಳಕು ನೆರಳುಗಳೂ ಬೆರೆತ ಬೇರೆಯೇ ಶೈಲಿಯನ್ನು ಹಿಡಿದರು. ಅದಕ್ಕೂ ಹಿಂದೆ ಅವರೇ ಕಟ್ಟಿದ್ದ 1992ರ ವೂಲ್ಫೆನ್‌ಸ್ಟೈನ್ 3ಡಿ ಆಟದಲ್ಲಿ ಗೋಡೆಗಳೆಲ್ಲ ಒಂದೇ ಎತ್ತರ, ಮೂಲೆಗಳೆಲ್ಲ ಲಂಬಕೋನ. ಆ ಕಟ್ಟಳೆಯಿಂದ ಹೊರಬಂದವರಿಗೆ ವಾಸ್ತವದ ಕಟ್ಟಡವೇ ಮತ್ತೊಂದು ಕಟ್ಟಳೆಯಾಗಿ ಎದುರಾಗಿತ್ತು. ಮನೆಯ ಅಳತೆಯನ್ನು ನಕಲು ಮಾಡಿದರೆ ಮನೆ ಸಿಗುವುದಿಲ್ಲ, ಆ ಮನೆಯಲ್ಲಿ ನಡೆಯುವಾಗ ಆಗುವ ಅನುಭವವನ್ನು ಕಟ್ಟಬೇಕು ಎಂದು ಅರ್ಥವಾದ ಮೇಲೆ ಆ ನಕ್ಷೆಯನ್ನು ಪೂರ್ತಿ ಅಳಿಸಿದೆ.

ಜೂನ್ ಮೂರನೆಯ ವಾರ: ಎರಡನೆಯ ಅಡಿಪಾಯ

ಈ ಸಲ ಉದ್ದಗಲಗಳನ್ನು ಇಮ್ಮಡಿ ಮಾಡಿ, ಎತ್ತರವನ್ನು ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಸಿಕೊಂಡೆ. ನಡುಬಾಡೆ 448 ಯೂನಿಟ್ ಉದ್ದವಾಯಿತು. ಇದು ಕಣ್ಣಂದಾಜಿನ ಅಂಕಿಯಲ್ಲ. ಆಟದಲ್ಲಿ ಇಂಪ್ ಎಂಬ ಕಂದುಬಣ್ಣದ ರಾಕ್ಷಸ ಎಸೆಯುವ ಬೆಂಕಿಯುಂಡೆ ಸೆಕೆಂಡಿಗೆ 350 ಯೂನಿಟ್ ಸಾಗುತ್ತದೆ. 224 ಯೂನಿಟ್‌ನ ಕೋಣೆಯಲ್ಲಿ ಅದು ಮುಕ್ಕಾಲು ಸೆಕೆಂಡಿಗೂ ಮೊದಲೇ ಎದೆಗೆ ಬಡಿಯುತ್ತದೆ. 448 ಯೂನಿಟ್‌ನ ಕೋಣೆಯಲ್ಲಿ ಒಂದೂಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ. ಉಂಡೆ ಹೊರಟದ್ದನ್ನು ನೋಡಿ, ಯಾವ ಕಡೆ ಸರಿಯಬೇಕೆಂದು ತೀರ್ಮಾನಿಸಿ, ಕಂಬದ ಮರೆಗೆ ಹೋಗಲು ಅಷ್ಟು ಸಮಯ ಸಾಕು. ಹಳೆಯ ಲೆವೆಲ್‌ಗಳಲ್ಲಿ ಕೋಣೆಯ ಅಳತೆಯನ್ನು ನಿರ್ಧರಿಸುತ್ತಿದ್ದುದು ಪೀಠೋಪಕರಣವಲ್ಲ, ಆಟಗಾರ ಯೋಚಿಸಲು ಬೇಕಾದ ಸಮಯ ಎಂದು ಈ ಲೆಕ್ಕದಿಂದ ನನಗೆ ಮನವರಿಕೆಯಾಯಿತು.

ಎತ್ತರವನ್ನು ಹೆಚ್ಚಿಸದೆ ಬಿಟ್ಟದ್ದಕ್ಕೂ ಕಾರಣವಿದೆ. ಐನ್‌ಮನೆಯ ಬಾಗಿಲುಗಳು ತಗ್ಗಾಗಿವೆ. ತಲೆ ಬಾಗಿಸದೆ ಒಳಗೆ ಹೋಗುವಂತಿಲ್ಲ. ಡೂಮ್‌ನ ಆಟಗಾರ ತಲೆ ಬಾಗಿಸಲಾರ, ಆದರೆ ತಗ್ಗನ್ನು ಅವನ ಕಣ್ಣಿಗೆ ತೋರಿಸಬಹುದು. ಬಾಗಿಲಿನ ಎತ್ತರವನ್ನು 64 ಯೂನಿಟ್‌ಗೆ ಇಳಿಸಿ, ಅದರ ಹಿಂದಿನ ನಡುಬಾಡೆಯ ಮಾಡನ್ನು 128ಕ್ಕೆ ಏರಿಸಿದೆ. ತಲೆಗೆ ತಾಗುವಂತಹ ದಾರಂದವನ್ನು ದಾಟಿದೊಡನೆ ಮೇಲಿನ ಕತ್ತಲು ಎರಡು ಪಟ್ಟು ಎತ್ತರಕ್ಕೆ ಹೋಗುತ್ತದೆ. ರೊಮೆರೊ ಅವರು ತಮಗೆ ತಾವೇ ಹಾಕಿಕೊಂಡಿದ್ದ ಕಟ್ಟಳೆಗಳಲ್ಲಿ ಇದೂ ಒಂದು: ಬೆಳಕಿನ ಪಕ್ಕ ಕತ್ತಲು, ಇಕ್ಕಟ್ಟಿನ ಪಕ್ಕ ವಿಶಾಲ, ಎಲ್ಲೆಡೆಯೂ ಎದುರುಬದುರು ಇರಬೇಕು. ನೆಲದ ಹಾಸು ಬದಲಾದಲ್ಲಿ ನೆಲದ ಎತ್ತರವೂ ಬದಲಾಗಬೇಕೆಂಬುದು ಅವರ ಇನ್ನೊಂದು ಕಟ್ಟಳೆ. ಐನ್‌ಮನೆಯಲ್ಲಿ ಅದು ಆಗಲೇ ಇತ್ತು. ಮಣ್ಣಿನ ಅಂಗಳದಿಂದ ಕಯ್ಯಾಲೆಗೆ ಏರು, ಕಯ್ಯಾಲೆಯಿಂದ ಹೊಸ್ತಿಲಿಗೆ ಏರು, ನಡುಬಾಡೆಯಿಂದ ಒಳಗಣ ಅಂಗಳಕ್ಕೆ ಇಳಿತ. ಹೆಜ್ಜೆಗೊಂದು ಕಡೆ ಕಾಲು ತಾನಾಗಿ ಜಾಗವನ್ನು ಗುರುತಿಸುತ್ತದೆ.

ಕೋವಿಯನ್ನು ಎಲ್ಲಿಡಬೇಕೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ತೋಕ್ ಪೂ ಎಂಬ ಹೂ ಮುಡಿಸಿದ ಕೋವಿಗಳನ್ನು ಪೂಜೆಗೆ ಇಟ್ಟಿದ್ದನ್ನು ಚಿಕ್ಕಂದಿನಿಂದ ಆ ಮನೆಯಲ್ಲಿ ನೋಡಿದ್ದೇನೆ. ನಡುಬಾಡೆಯ ದೀಪದ ಎದುರಿಗೇ ಶಾಟ್‌ಗನ್ ಇಟ್ಟೆ.

ಆಮೇಲೆ ಡೀಮನ್ ಎಂಬ ಗುಲಾಬಿ ಬಣ್ಣದ ಪ್ರಾಣಿಯನ್ನು ನಡುಬಾಡೆಯಲ್ಲಿ ನಿಲ್ಲಿಸಿ ಆಡಿದೆ. ಅದು ಆಟಗಾರನನ್ನು ಅಟ್ಟಿಸಿಕೊಂಡು ಬಂದು ಕಚ್ಚಬೇಕು. ಆದರೆ ಒಳಗಣ ಅಂಗಳಕ್ಕೆ ತೆರೆಯುವ ಬಾಗಿಲಿನ ಹತ್ತಿರ ಬಂದು, ಅಲ್ಲಿಯೇ ಅತ್ತಿತ್ತ ಸುತ್ತುತ್ತ ಗುರುಗುಟ್ಟತೊಡಗಿತು. ಅರ್ಧ ದಿನ ಗೆರೆಗಳನ್ನು ಒಂದೊಂದಾಗಿ ತಪಾಸಣೆ ಮಾಡಿದ ಮೇಲೆ ಕಾರಣ ಸಿಕ್ಕಿತು. ಡೀಮನ್‌ನ ಶರೀರ 60 ಯೂನಿಟ್ ಅಗಲ. ನನ್ನ ಬಾಗಿಲು 56. ಇಂಪ್‌ನ ಅಗಲ 40 ಆದ್ದರಿಂದ ಅದು ಸರಾಗವಾಗಿ ದಾಟುತ್ತಿತ್ತು, ಹಾಗಾಗಿ ದೋಷ ಮೊದಲು ಕಣ್ಣಿಗೆ ಬಿದ್ದಿರಲಿಲ್ಲ. ಅಂಗಳದ ಮೂರು ಬಾಗಿಲುಗಳನ್ನು 72ಕ್ಕೆ ಅಗಲಿಸಿದೆ. ಅಡಿಗೆಮನೆಯ ಬಾಗಿಲನ್ನು ಮಾತ್ರ ಬೇಕೆಂದೇ 56ರಲ್ಲಿ ಬಿಟ್ಟೆ. ಅಲ್ಲಿ ಓಡಿ ಹೋಗಿ ನಿಂತ ಆಟಗಾರನನ್ನು ಡೀಮನ್ ಮುಟ್ಟಲಾರದು; ಇಂಪ್ ಮುಟ್ಟಬಲ್ಲದು. ಈ ವ್ಯತ್ಯಾಸವನ್ನು ಆಟಗಾರ ಒಮ್ಮೆ ಕಂಡುಕೊಂಡನೆಂದರೆ ಆ ಬಾಗಿಲು ಅವನಿಗೆ ಎಂದಿಗೂ ಮರೆಯುವುದಿಲ್ಲ.

ಜುಲೈ: ಮಾಡು ಕುಸಿದದ್ದು, ಓಣಿ ಬಾಗಿದ್ದು

ಜುಲೈ ಇಡೀ ಮಳೆ. ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಇರುತ್ತಿರಲಿಲ್ಲ, ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ, ಉಳಿದ ಹೊತ್ತು ಪುಸ್ತಕದಲ್ಲಿ ನಕ್ಷೆ. ಈ ತಿಂಗಳ ಮೊದಲ ಎರಡು ವಾರ ಹೆಂಚಿನ ಮಾಡಿಗೇ ಹೋಯಿತು.

ಡೂಮ್‌ನಲ್ಲಿ ಇಳಿಜಾರು ಎಂಬುದೇ ಇಲ್ಲ. ನೆಲವೂ ಮಾಡೂ ಸಮತಟ್ಟಾಗಿಯೇ ಇರಬೇಕು. ಒಳಗಣ ಅಂಗಳದ ಕಡೆಗೆ ನಾಲ್ಕೂ ದಿಕ್ಕಿನಿಂದ ಇಳಿದುಬರುವ ಸೂರನ್ನು ತೋರಿಸಲು ಜಗಲಿಯನ್ನು ಎಂಟು ಕಿರಿದಾದ ಸೆಕ್ಟರ್‌ಗಳಾಗಿ ಸೀಳಿ, ಒಂದೊಂದರ ಮಾಡನ್ನೂ ಹಿಂದಿನದಕ್ಕಿಂತ 8 ಯೂನಿಟ್ ಕೆಳಗಿಳಿಸಿದೆ. ಬೆಳಕೂ ಹಂತ ಹಂತವಾಗಿ ಕಡಿಮೆಯಾಗಲಿ ಎಂದು ಪ್ರತಿಯೊಂದಕ್ಕೂ ಬೇರೆ ಬೇರೆ ಬೆಳಕು ಕೊಟ್ಟೆ. ಎಡಿಟರ್‌ನಲ್ಲಿ ನೋಡಿದಾಗ ಬಹಳ ಚೆನ್ನಾಗಿತ್ತು. ಚಾಕೊಲೇಟ್ ಡೂಮ್‌ನಲ್ಲಿ ಅಂಗಳದ ನಡುವೆ ನಿಂತು ಮುಂಬಾಗಿಲಿನ ಕಡೆ ತಿರುಗಿದ ಕ್ಷಣ ಆಟ ಪೂರ್ತಿ ನಿಂತು, ವಿಸ್‌ಪ್ಲೇನ್‌ಗಳು ಮುಗಿದಿವೆ ಎಂಬ ಸಂದೇಶ ಬಂತು.

ಪರದೆಯ ಮೇಲೆ ಕಾಣುವ ಪ್ರತಿಯೊಂದು ನೆಲದ ಮತ್ತು ಮಾಡಿನ ತುಂಡನ್ನು ಡೂಮ್ ವಿಸ್‌ಪ್ಲೇನ್ ಎಂಬ ಲೆಕ್ಕದ ಮನೆಯಲ್ಲಿ ಇಟ್ಟುಕೊಳ್ಳುತ್ತದೆ. ಎತ್ತರ, ಹಾಸು, ಬೆಳಕು ಮೂರೂ ಒಂದೇ ಆಗಿದ್ದರೆ ಎಷ್ಟೋ ವೇಳೆ ಎರಡು ತುಂಡುಗಳು ಒಂದೇ ಮನೆಯಲ್ಲಿ ಕೂಡುತ್ತವೆ. ಒಂದು ಬೇರೆಯಾದರೂ ಹೊಸ ಮನೆ ಬೇಕು. ಅಂತಹ ಮನೆಗಳಿರುವುದು 128 ಮಾತ್ರ. ನನ್ನ ಮಾಡಿನ ಮೂವತ್ತೆರಡು ಪಟ್ಟಿಗಳು, ಅವುಗಳ ಕೆಳಗಿನ ನೆಲಗಳು, ಕಂಬಗಳ ಸಂದಿಯಿಂದ ತುಂಡು ತುಂಡಾಗಿ ಕಾಣುವ ಅದೇ ಪಟ್ಟಿಗಳು, ಬಾಗಿಲಾಚೆಯ ನಡುಬಾಡೆ, ಕಯ್ಯಾಲೆ, ಮುಂದಿನ ಅಂಗಳ, ಅದರಾಚೆ ನೇರವಾಗಿ ಗದ್ದೆಯವರೆಗೂ ಕಾಣುವ ಓಣಿ, ಎಲ್ಲ ಕೂಡಿ ಆ ಮಿತಿಯನ್ನು ದಾಟಿದ್ದವು.

ಎಂಟು ಪಟ್ಟಿಗಳನ್ನು ಮೂರಕ್ಕೆ ಇಳಿಸಿ, ಮೂರಕ್ಕೂ ಒಂದೇ ಬೆಳಕು ಕೊಟ್ಟೆ. ಆಟ ನಿಲ್ಲುವುದು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಉಳಿದಿದ್ದ ತೊಂದರೆ ಓಣಿಯದು. ನಿಜದ ಓಣಿ ಎರಡು ಕಡೆ ಬಾಗುತ್ತದೆ. ಮನೆಯ ಮುಂಭಾಗ ದೂರದಿಂದಲೇ ಭವ್ಯವಾಗಿ ಕಾಣಲಿ ಎಂದು ನಾನು ಅದನ್ನು ನೆಟ್ಟಗೆ ಎಳೆದಿದ್ದೆ. ಬೇರೆ ದಾರಿಯಿಲ್ಲದೆ ಗೆಳೆಯನ ಮನೆಗೆ ಹೋಗಿ ಓಣಿಯ ತಿರುವುಗಳನ್ನು ಮತ್ತೆ ಹೆಜ್ಜೆಯಲ್ಲಿ ಅಳೆದುಕೊಂಡು ಬಂದೆ. ಕೊಡೆ ಹಿಡಿದು ಮಳೆಯಲ್ಲಿ ನಿಂತಿದ್ದ ನನ್ನನ್ನು ನೋಡಿ ಅಜ್ಜ ಕೇಳಿದರು: "ಏನು ಮಗ, ಮತ್ತೆ ಅಳೀತಿದ್ದಿ?" ನಾನು ಕಾರಣ ಹೇಳಿದೆ. "ಓಣಿ ನೆಟ್ಟಗೆ ಮಾಡಿದ್ಯಾ? ಹಾಗೆ ಮಾಡಿದ್ರೆ ಬರೋನಿಗೆ ಮನೆ ಕಾಣ್ತದೆ. ನಾವು ಬರೋನನ್ನ ನೋಡಬೇಕು, ಅವನಿಗೆ ಮನೆ ಕಾಣಬಾರದು. ಅದಕ್ಕೇ ಸುತ್ತಿಸಿ ತಂದದ್ದು," ಎಂದರು.

ತಿರುವು ಹಾಕಿದ ಮೇಲೆ ಆಟ ಎಂದೂ ನಿಲ್ಲಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಓಣಿ ಮೊದಲ ಬಾರಿಗೆ ಓಣಿಯಾಯಿತು. ನೆಟ್ಟಗಿದ್ದಾಗ ಆಟಗಾರ ಗದ್ದೆಯಲ್ಲಿಯೇ ನಿಂತು ಅಂಗಳದ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಗುಂಡಿಟ್ಟು ಕೆಡವಿ, ಆಮೇಲೆ ಖಾಲಿ ದಾರಿಯಲ್ಲಿ ನಡೆದು ಬರುತ್ತಿದ್ದ. ಈಗ ಮೊದಲ ತಿರುವಿನಲ್ಲಿ ಬರೆಯ ಮೇಲಿನಿಂದ ಗುರುಗುಟ್ಟುವ ಸದ್ದು ಮಾತ್ರ ಕೇಳುತ್ತದೆ. ಎರಡನೆಯ ತಿರುವಿನಲ್ಲಿ ಕಯ್ಯಾಲೆಯ ಒಂದು ಕಂಬ ಕಾಣುತ್ತದೆ. ಮೂರನೆಯ ಹೆಜ್ಜೆಗೆ ಇಡೀ ಮನೆ ಎದುರಿಗೆ ಬರುತ್ತದೆ. ಡೂಮ್‌ನ ಮೊದಲ ಕಂತಿನ ಆಕಾಶದಲ್ಲಿ ಬೂದುಬಣ್ಣದ ಬೆಟ್ಟಗಳ ಸಾಲು ಇದೆ. ಬರೆಗಳ ನಡುವಿನ ಕಿರಿದಾದ ಸೀಳಿನಲ್ಲಿ ಆ ಬೆಟ್ಟಗಳು ಕಾಣಿಸಿದಾಗ, ಜುಲೈ ತಿಂಗಳ ನಮ್ಮ ಕಡೆಯ ಆಕಾಶಕ್ಕೂ ಅದಕ್ಕೂ ನನಗೆ ಭೇದ ತೋರಲಿಲ್ಲ.

ಸದ್ದು ಮತ್ತು ಬೆಳಕು

ಅಂಗಳದಲ್ಲಿ ಒಂದು ಗುಂಡು ಹಾರಿಸಿದರೆ ಮನೆಯ ಅಷ್ಟೂ ಕೋಣೆಗಳ ರಾಕ್ಷಸರು ಒಟ್ಟಿಗೆ ನುಗ್ಗಿ ಬರುತ್ತಿದ್ದರು. ಇದು ದೋಷವಲ್ಲ, ಡೂಮ್ ಕೆಲಸ ಮಾಡುವ ಬಗೆಯೇ ಹೀಗೆ. ಗುಂಡಿನ ಸದ್ದು ಆಟಗಾರ ನಿಂತ ಸೆಕ್ಟರ್‌ನಿಂದ ನೀರಿನಂತೆ ಪಕ್ಕದ ಸೆಕ್ಟರ್‌ಗಳಿಗೆ ಹರಿಯುತ್ತದೆ. ಮುಚ್ಚಿದ ಬಾಗಿಲು ಅದನ್ನು ತಡೆಯುತ್ತದೆ, ತೆರೆದ ಬಾಗಿಲು ಬಿಡುತ್ತದೆ. ಅಂಗಳದ ಸುತ್ತ ಎಲ್ಲ ಕೋಣೆಗಳೂ ತೆರೆದುಕೊಂಡಿದ್ದವು. ನಿಜದ ಮನೆಯಲ್ಲಿಯೂ ಅಂಗಳದಲ್ಲಿ ಯಾರಾದರೂ ಕೆಮ್ಮಿದರೆ ಅಡಿಗೆಮನೆಗೆ ಕೇಳುತ್ತದೆ.

ಸದ್ದು ತಡೆಯುವ ಗುರುತನ್ನು ಗೆರೆಗಳಿಗೆ ಹಾಕಬಹುದು, ಆದರೆ ಅದರ ನಿಯಮ ವಿಚಿತ್ರವಾಗಿದೆ: ಅಂತಹ ಒಂದು ಗೆರೆಯನ್ನು ಸದ್ದು ದಾಟುತ್ತದೆ, ಎರಡನೆಯದನ್ನು ದಾಟುವುದಿಲ್ಲ. ಮೊದಲು ಒಂದೊಂದೇ ಗೆರೆ ಹಾಕಿ ಏನೂ ಬದಲಾಗದೆ ಒಂದು ಸಂಜೆ ಕಳೆಯಿತು. ಆಮೇಲೆ ಹೊಸ್ತಿಲನ್ನೇ ಒಂದು ಪುಟ್ಟ ಸೆಕ್ಟರ್ ಮಾಡಿ, ಅದರ ಎರಡೂ ಅಂಚುಗಳಿಗೆ ಗುರುತು ಹಾಕಿದೆ. ಅಂಗಳದ ಪೂರ್ವದ ಕೋಣೆಗಳು ಈಗ ಆಟಗಾರ ಅಲ್ಲಿಗೆ ಕಾಲಿಡುವವರೆಗೂ ಎಚ್ಚರಗೊಳ್ಳುವುದಿಲ್ಲ. ಪಶ್ಚಿಮದವು ಮೊದಲ ಗುಂಡಿಗೇ ಎಚ್ಚರಗೊಳ್ಳುತ್ತವೆ. ಒಂದೇ ಅಂಗಳದಲ್ಲಿ ಎರಡು ಸಲ ಬೇರೆ ಬೇರೆ ಹೋರಾಟ ನಡೆಯುವಂತಾದದ್ದು ಈ ಗೆರೆಗಳಿಂದ.

ಬೆಳಕಿನ ಕೆಲಸದಲ್ಲಿ ಒಂದೇ ಒಂದು ಸಂಗತಿ ನನ್ನನ್ನು ಕಾಡಿತು. ನಡುಬಾಡೆಯ ದೀಪದ ಸುತ್ತ 160 ಇದ್ದ ಬೆಳಕನ್ನು 168ಕ್ಕೆ ಏರಿಸಿದರೂ ಏನೂ ವ್ಯತ್ಯಾಸ ಕಾಣಲಿಲ್ಲ. ಅಂಕಿ 0ಯಿಂದ 255ರವರೆಗೆ ಹೋಗುತ್ತದಾದರೂ ಡೂಮ್ ಅದನ್ನು 16 ಮೆಟ್ಟಿಲುಗಳಾಗಿ ಮಾತ್ರ ಬಳಸುತ್ತದೆ. 160ರ ಮುಂದಿನ ಮೆಟ್ಟಿಲು 176. ಜೊತೆಗೆ ಪೂರ್ವ-ಪಶ್ಚಿಮವಾಗಿ ಸಾಗುವ ಗೋಡೆಗಳನ್ನು ಅದು ಒಂದು ಮೆಟ್ಟಿಲು ಮಬ್ಬಾಗಿಸುತ್ತದೆ, ಉತ್ತರ-ದಕ್ಷಿಣದವನ್ನು ಒಂದು ಮೆಟ್ಟಿಲು ಬೆಳಗಿಸುತ್ತದೆ, ಇದರಿಂದ ಮೂಲೆಗಳು ಕಣ್ಣಿಗೆ ಸ್ಪಷ್ಟವಾಗುತ್ತವೆ. ಮನೆಯನ್ನು ನಿಜದಲ್ಲಿರುವಂತೆ ಸ್ವಲ್ಪ ಓರೆಯಾಗಿ ಕೂರಿಸಿದ್ದ ನಾನು ಈ ಅನುಕೂಲವನ್ನು ಕಳೆದುಕೊಂಡಿದ್ದೆ. ಇಡೀ ಮನೆಯನ್ನು ತಿರುಗಿಸಿ ದಿಕ್ಕುಗಳಿಗೆ ಸರಿಯಾಗಿ ಕೂರಿಸಿದಾಗ ಕೋಣೆಗಳ ಆಕಾರ ತಾನಾಗಿ ಎದ್ದು ಬಂತು. ನೆಲದ ಹಾಸುಗಳು 64 ಯೂನಿಟ್‌ನ ಚೌಕಕ್ಕೆ ಕಟ್ಟುಬಿದ್ದಿರುವುದರಿಂದ ಮರದ ಹಲಗೆಗಳೂ ಆಗಲೇ ಸಾಲಿಗೆ ಬಂದವು. ಬಾಗಿಲು ಮೇಲೇಳುವಾಗ ಪಕ್ಕದ ದಾರಂದವೂ ಅದರೊಡನೆ ಜಾರುತ್ತಿದ್ದುದನ್ನು ಒಂದು ಗುರುತು ಒತ್ತಿ ನಿಲ್ಲಿಸಿದೆ.

ಆಗಸ್ಟ್: ಹುಡುಗ ಆಡಿದಾಗ

ಗೆಳೆಯನ ಅಕ್ಕನ ಮಗ ಎಂಟನೆಯ ತರಗತಿಯಲ್ಲಿ ಓದುತ್ತಾನೆ. ಆಗಸ್ಟ್ ಮೊದಲ ಭಾನುವಾರ ಅವನನ್ನು ಕೂರಿಸಿ ಆಡಿಸಿದೆ. ನಾನು ಪಕ್ಕದಲ್ಲಿ ಕುಳಿತು ಒಂದು ಮಾತೂ ಆಡಬಾರದೆಂದು ನಿರ್ಧರಿಸಿಕೊಂಡಿದ್ದೆ, ಏಕೆಂದರೆ ಬಾಯಿಮಾತಿನಿಂದ ದಾರಿ ಹೇಳಬೇಕಾದ ಲೆವೆಲ್ ಇನ್ನೂ ಮುಗಿದಿಲ್ಲವೆಂದೇ ಅರ್ಥ.

ಅವನು ಮನೆಯೊಳಗೆ ಹೋಗಲೇ ಇಲ್ಲ. "ಮಾವ, ಮೇಲೆ ನೀಲಿ ಇದೆ ನೋಡಿ," ಎನ್ನುತ್ತ ಓಣಿಯ ಪಕ್ಕದ ಕಲ್ಲಿನ ಮೇಲೆ ಹತ್ತಿ, ಅಲ್ಲಿಂದ ಬರೆಯ ನಡುವಿನ ಮೆಟ್ಟಿಗೆ ಏರಿ, ಹಿಂಬದಿಯಿಂದ ಕದಂಗದ ತುದಿಗೆ ತಲಪಿ, ಒಂದು ನಿಮಿಷದೊಳಗೆ ಲೆವೆಲ್‌ನ ಕೊನೆಯ ಗುಂಡಿಯನ್ನು ಒತ್ತಿದ. ಡೂಮ್‌ನ ಆಟಗಾರ 24 ಯೂನಿಟ್ ಎತ್ತರದ ಮೆಟ್ಟಿಲನ್ನು ಹತ್ತಬಲ್ಲ, 25 ಆದರೆ ಹತ್ತಲಾರ. ಅಂದಕ್ಕಾಗಿ ನಾನಿಟ್ಟ ಕಲ್ಲು 24 ಎತ್ತರವಿತ್ತು, ಬರೆಯ ಮೆಟ್ಟು 48 ಇತ್ತು. ನನಗೆ ತಿಳಿಯದೆಯೇ ಏಣಿ ಕಟ್ಟಿದ್ದೆ.

ಅವನು ಹತ್ತಿದ್ದಕ್ಕೆ ಕಾರಣ ನಾನೇ ಬೇಕೆಂದು ಇಟ್ಟದ್ದು. ಕಣ್ಣಿಗೆ ಕಾಣುವ ಹೊರಗಿನ ಜಾಗಕ್ಕೆ ಹೇಗಾದರೂ ಹೋಗಲು ದಾರಿ ಇರಲೇಬೇಕೆಂಬ ರೊಮೆರೊ ಅವರ ಕಟ್ಟಳೆಯಂತೆ, ಆಟ ಶುರುವಾಗುವ ಗದ್ದೆಯಿಂದಲೇ ಕಾಣುವ ಹಾಗೆ ಬರೆಯ ಮೇಲೆ ನೀಲಿ ಕವಚವೊಂದನ್ನು ಇಟ್ಟಿದ್ದೆ. ಕೊನೆಗೆ ಕದಂಗದಿಂದ ಹೊರಬಂದಾಗ ಅದು ಸಿಗಬೇಕೆಂಬುದು ನನ್ನ ಎಣಿಕೆ. ಹುಡುಗ ಕಲ್ಲನ್ನು ನೋಡಿ, ಮೆಟ್ಟನ್ನು ನೋಡಿ, ತನ್ನದೇ ದಾರಿ ಕಂಡುಕೊಂಡ. ಕಲ್ಲನ್ನು ತೆಗೆದುಹಾಕಿದ್ದರೆ ತಪ್ಪೇನೋ ತಿದ್ದಿಹೋಗುತ್ತಿತ್ತು, ಆದರೆ ಅವನ ಮುಖದಲ್ಲಿ ಆ ಕ್ಷಣ ಕಂಡ ಖುಷಿಯನ್ನು ತೆಗೆದುಹಾಕಲು ನನಗೆ ಮನಸ್ಸು ಬರಲಿಲ್ಲ. ಕಲ್ಲನ್ನು ಹಾಗೆಯೇ ಉಳಿಸಿ, ಕವಚವಿರುವ ಮೆಟ್ಟಿನಿಂದ ಕದಂಗದ ಕಡೆಗೆ 40 ಯೂನಿಟ್‌ನ ಏರು ಹಾಕಿದೆ. ಕದಂಗದಿಂದ ಬಂದವನು ಅಲ್ಲಿಗೆ ಇಳಿಯಬಹುದು, ಓಣಿಯಿಂದ ಹತ್ತಿದವನು ಆಚೆ ಹೋಗಲಾರ. ಆ ಮೆಟ್ಟನ್ನು ಗುಪ್ತಸ್ಥಳವೆಂದು ಗುರುತಿಸಿದೆ.

ಎರಡನೆಯ ಸಲ ಅವನು ಮನೆಯೊಳಗೆ ಹೋದ, ಅಟ್ಟದ ಬದಲು ನಾನು ಅಡಿಗೆಮನೆಯ ಪಕ್ಕದಲ್ಲಿ ಕಟ್ಟಿದ್ದ ಉಗ್ರಾಣದಲ್ಲಿ ಕೆಂಪು ಕೀಲಿ ತೆಗೆದುಕೊಂಡ, ಆಮೇಲೆ ದಾರಿ ತಪ್ಪಿದ. ಕೆಂಪು ಬಾಗಿಲನ್ನು ಅವನು ಅದುವರೆಗೆ ನೋಡಿಯೇ ಇರಲಿಲ್ಲ. ಆರು ನಿಮಿಷ ಒಂದೇ ತರಹದ ಕೋಣೆಗಳಲ್ಲಿ ಸುತ್ತಿ ಬೇಸತ್ತು ಎದ್ದು ಹೋದ. ಆ ಆರು ನಿಮಿಷ ನನಗೆ ಬಹಳ ಕಷ್ಟವಾಯಿತು, ಆದರೆ ಇಡೀ ಕೆಲಸದಲ್ಲಿ ನಾನು ಹೆಚ್ಚು ಕಲಿತದ್ದೂ ಅದರಲ್ಲಿಯೇ. ಬೀಗ ಮೊದಲು ಕಾಣಬೇಕು, ಕೀಲಿ ಆಮೇಲೆ ಸಿಗಬೇಕು. ಕೀಲಿ ಸಿಕ್ಕಾಗ ಬೀಗ ಇದ್ದ ಜಾಗ ಮನಸ್ಸಿಗೆ ತಾನಾಗಿ ಬರಬೇಕು. ಕೆಂಪು ಬಾಗಿಲನ್ನು ಹಿಂದಿನ ಮೂಲೆಯಿಂದ ತಂದು ಒಳಗಣ ಅಂಗಳದ ನೇರ ಎದುರಿಗೆ ಇಟ್ಟೆ. ನಡುಬಾಡೆ ಮತ್ತು ಅಂಗಳದ ನಡುವಿನ ಗೋಡೆಯಲ್ಲಿ ಒಂದು ಕಿಟಕಿ ಕೊರೆದೆ. ಈಗ ಆಟಗಾರ ಅಂಗಳವನ್ನು ಮೊದಲು ಕಿಟಕಿಯಿಂದ ನೋಡುತ್ತಾನೆ, ಕೆಂಪು ಬಾಗಿಲೂ ಆಗಲೇ ಕಾಣುತ್ತದೆ. ಎರಡನೆಯ ಸಲ ಅಂಗಳಕ್ಕೆ ಇಳಿದು ಹೋರಾಡಿ ಅಡಿಗೆಮನೆಯ ಕಡೆ ಹೋಗುತ್ತಾನೆ. ಮೂರನೆಯ ಸಲ ಕೀಲಿ ಹಿಡಿದು ಎದುರು ದಿಕ್ಕಿನಿಂದ ಬರುತ್ತಾನೆ, ಪೂರ್ವದ ಕೋಣೆಗಳು ಆಗ ಎಚ್ಚರಗೊಳ್ಳುತ್ತವೆ. ಮೂರೂ ಸಲ ನಡುಬಾಡೆಯ ದೀಪ ಒಂದಲ್ಲ ಒಂದು ಬಾಗಿಲಿನಿಂದ ಕಾಣುವಂತೆ ಗೋಡೆಗಳನ್ನು ಸರಿಸಿದೆ. ತೂಗುವ ದೀಪದ ಚಿತ್ರ ಆಟದಲ್ಲಿ ಇಲ್ಲದಿದ್ದುದರಿಂದ ದೀಪಕಂಬವನ್ನು ಸಣ್ಣ ಪೀಠದ ಮೇಲೆ ನಿಲ್ಲಿಸಿದ್ದೇನೆ. ಒಂದು ಜಾಗವನ್ನು ಒಮ್ಮೆ ದಾಟಿದವನಿಗೆ ಅದು ದಾರಿ ಮಾತ್ರ. ಬೇರೆ ಬೇರೆ ಕಡೆಯಿಂದ, ಬೇರೆ ಬೇರೆ ಅಗತ್ಯದಿಂದ ಮತ್ತೆ ಮತ್ತೆ ಬಂದವನಿಗೆ ಅದು ತನ್ನ ಮನೆಯಾಗುತ್ತದೆ. ಹುಡುಗ ಮುಂದಿನ ಭಾನುವಾರ ಆಡಿದಾಗ ಕೀಲಿ ಸಿಕ್ಕೊಡನೆ ನಿಲ್ಲದೆ ತಿರುಗಿ ಅಂಗಳಕ್ಕೆ ಓಡಿದ.

ಕನ್ನಿಕೊಂಬರೆಯ ವಿಷಯದಲ್ಲಿ ಅಜ್ಜನ ಮಾತನ್ನು ನಡೆಸಿದ್ದೇನೆ. ಅದು ಕಾರಣವರ, ಅಂದರೆ ಒಕ್ಕದ ಗತಿಸಿದ ಹಿರಿಯರ, ಕೋಣೆ, ಅಲ್ಲಿ ಹೊಡೆದಾಟ ಬೇಡ ಎಂದು ಅವರು ಮೊದಲೇ ಹೇಳಿದ್ದರು. ಹೊಸ್ತಿಲಿನ ಗೆರೆಗೆ ರಾಕ್ಷಸರು ದಾಟದಂತೆ ತಡೆ ಹಾಕಿದೆ. ತಡೆ ಶರೀರಕ್ಕೆ ಮಾತ್ರ. ಅಂಗಳದಿಂದ ಎಸೆದ ಬೆಂಕಿಯುಂಡೆ ಒಳಗೆ ಬಂದು ಬೀಳುತ್ತಿತ್ತು. ಬಾಗಿಲನ್ನು ಅಂಗಳದ ಕಡೆಯಿಂದ ತೆಗೆದು ಪಕ್ಕದ ಕಿರುಹಾದಿಗೆ ತಿರುಗಿಸಿದ ಮೇಲೆ ಅದೂ ನಿಂತಿತು. ಒಳಗೆ ಮಂದ ಬೆಳಕು, ಗಾಯ ವಾಸಿಮಾಡುವ ನೀಲಿ ಸೀಸೆಗಳು ಏಳು, ಬೇರೇನೂ ಇಲ್ಲ. ಹೋರಾಟದ ನಡುವೆ ಉಸಿರು ತಿರುಗಿಸಿಕೊಳ್ಳುವ ಇಂತಹ ಒಂದು ಮೌನದ ಕೋಣೆ ಇಲ್ಲದಿದ್ದಾಗ ಅಂಗಳದ ಗದ್ದಲ ಎಡೆಬಿಡದ ಸದ್ದಾಗಿ ಮಾತ್ರ ಕೇಳುತ್ತಿತ್ತು.

ರೊಮೆರೊ ಅವರು ತಮ್ಮ ಕಂತಿನ ಮೊದಲ ಲೆವೆಲ್ ಅನ್ನು ಎಲ್ಲಕ್ಕಿಂತ ಕೊನೆಗೆ ಕಟ್ಟಿದರು. ಕೈ ಪಳಗಿದ ಮೇಲೆ ಬಾಗಿಲು ಕಟ್ಟಬೇಕೆಂಬ ಆ ಕ್ರಮವನ್ನು ಅನುಸರಿಸಿ ನಾನೂ ಗದ್ದೆಯ ಆರಂಭದ ಭಾಗವನ್ನು ಆಗಸ್ಟ್ ಕೊನೆಯಲ್ಲಿ ಹೊಸದಾಗಿ ಕಟ್ಟಿದೆ. ಈಗ ಆಟಗಾರ ಕಣ್ಣು ತೆರೆದ ಕೂಡಲೇ ಎದುರಿಗೆ ಓಣಿಯ ಬಾಯಿ, ಬಲಕ್ಕೆ ಬರೆಯ ಮೇಲಿನ ನೀಲಿ ಕವಚ, ತೋಡಿನಾಚೆ ಕೊನೆಯ ಗುಂಡಿ, ಮೂರೂ ಒಂದೇ ನೋಟದಲ್ಲಿ ಕಾಣುತ್ತವೆ.

ಮುಗಿದ ದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಐನ್‌ಮನೆಗೆ ಹೋಗಿ ಐಮರದ ಮೇಲೆ ಅಜ್ಜನ ಪಕ್ಕ ಕುಳಿತೆ. ಹುಡುಗ ಆಡಿದ. ಅಜ್ಜ ಕನ್ನಡಕ ಸರಿಮಾಡಿಕೊಂಡು ಓಣಿಯ ಎರಡು ತಿರುವುಗಳನ್ನೂ ಸುಮ್ಮನೆ ನೋಡಿದರು. ಮನೆಯ ಮುಂಭಾಗ ಬಂದಾಗ ಹುಡುಗನ ಭುಜ ಮುಟ್ಟಿ ನಿಲ್ಲಿಸಿದರು. "ಮೆಟ್ಟಿಲು ಮೂರು, ಇವನು ಎರಡೇ ಹಾಕಿದ್ದಾನೆ," ಎಂದರು. ನಾವು ಕುಳಿತಿದ್ದಲ್ಲಿಂದ ಕೆಳಗೆ ನೋಡಿದೆ. ಮಳೆನೀರಿನಲ್ಲಿ ನೆನೆದ ಕಲ್ಲಿನ ಮೆಟ್ಟಿಲು ಮೂರೇ ಇದ್ದವು. ಅಂಗಳದಿಂದ ಕಯ್ಯಾಲೆಗೆ 24 ಯೂನಿಟ್ ಎತ್ತರವನ್ನು ನಾನು 12ರ ಎರಡು ಮೆಟ್ಟಿಲುಗಳಾಗಿ ಹಂಚಿದ್ದೆ. ಅಲ್ಲಿಯೇ ಎಡಿಟರ್ ತೆರೆದು 8ರ ಮೂರು ಮಾಡಿ ಉಳಿಸಿದೆ.